ಕಂಬಳಿಗೆ ಬೊಗಳುವ ನಾಯಿ

ಅಗಸರ ಮನೆಯ ಕತ್ತೆ ಬಟ್ಟೆಗಂಟು ಕಂಡು ಓಡಿಹೋದರೆ ಊರೆಲ್ಲ ನಗುತ್ತದೆ. ಕುರಿ ಸಾಕುವವರ ಮನೆಯ ನಾಯಿ ಕಂಬಳಿ ಕಂಡು ಬೊಗಳಿದರೂ ಅಷ್ಟೆ. ನಮ್ಮ ಮನೆಯಲ್ಲಿ ಅಂಥದೊಂದು ನಾಯಿ ಇತ್ತು. ಅದು ನನ್ನ ತವರಿನಿಂದ ಬಂದ ನಾಯಿ. ನನ್ನ ಕಷ್ಟವೆಲ್ಲ ಈ ಕೊನೆಯ ಮಾತಿನಲ್ಲಿದೆ.

ಮದುವೆಯಾಗಿ ಮೂರು ವರ್ಷವಾಗಿತ್ತು. ಎಪ್ಪತ್ತನಾಲ್ಕನೇ ಇಸವಿಯೋ ಎಪ್ಪತ್ತೈದೋ ಇರಬೇಕು. ಗಂಡನ ಮನೆ ಹೊಸದುರ್ಗ ತಾಲ್ಲೂಕಿನಲ್ಲಿ, ಮತ್ತೋಡಿನಿಂದ ಒಂದು ಹರದಾರಿ. ತವರು ಚಿತ್ರದುರ್ಗದ ಕಡೆ, ಹಿರೇಗುಂಟನೂರಿನ ಹತ್ತಿರ. ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ, ನಾನು, ಮತ್ತೆ ಅರವತ್ತೆಪ್ಪತ್ತು ಕುರಿ. ಮೊದಲಿದ್ದ ನಾಯಿ ಮುದಿಯಾಗಿ ಸತ್ತಿತ್ತು. ಮಾವ ಸುತ್ತ ಹಳ್ಳಿಯೆಲ್ಲ ಕೇಳಿದರೂ ಮನಸ್ಸಿಗೆ ಬರುವಂಥ ಮರಿ ಸಿಕ್ಕಿರಲಿಲ್ಲ. ಸಂಕ್ರಾಂತಿಗೆ ತವರಿಗೆ ಹೋದವಳು ಅಪ್ಪನ ನಾಯಿ ಹಾಕಿದ್ದ ಮರಿಗಳಲ್ಲಿ ಗಟ್ಟಿಯಾದ ಒಂದು ಗಂಡು ಮರಿಯನ್ನು ಬುಟ್ಟಿಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಬಸ್ಸಿನಲ್ಲಿ ತಂದೆ. ಹೊಳಲ್ಕೆರೆಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರು ಬುಟ್ಟಿಯಲ್ಲಿ ಏನು ಎಂದ. ಬೆಲ್ಲ ಎಂದೆ. ಬೆಲ್ಲ ಕುಂಯ್ ಎಂದಿತು. ಹೊಸ ಬೆಲ್ಲ ಎಂದೆ. ಅವನು ನನ್ನ ಮುಖ ನೋಡಿ ಸೀಟಿ ಊದಿದ.

ಮನೆಗೆ ಬಂದ ಮೇಲಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಮ್ಮಪ್ಪನ ಮನೆಯ ನಾಯಿಗಳೆಂದರೆ ಹುಲಿ, ಈ ಸೀಮೆಯಲ್ಲಿ ಇಂಥ ತಳಿ ಎಲ್ಲಿದೆ ಎಂದು ಅತ್ತೆಯ ಮುಂದೆ ಕೊಚ್ಚಿಕೊಂಡೆ. ಅತ್ತೆ ಆಗ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಬೇಕಾದಾಗ ಬಿಚ್ಚಲು.

ಬೇಸಗೆ ಮುಗಿಯುವವರೆಗೂ ಮರಿ ಚೆನ್ನಾಗಿಯೇ ಇತ್ತು. ಮುದ್ದೆ ತಿಂದಿತು, ಬೆಳೆಯಿತು, ಒಂದು ಜೊತೆ ಚಪ್ಪಲಿ ಹರಿಯಿತು. ಅದಕ್ಕೆ ನಾವು ಹೆಸರು ಗಿಸರು ಇಡಲಿಲ್ಲ, ತೋ ತೋ ಎಂದರೆ ಬರುತ್ತಿತ್ತು. ಆಮೇಲೆ ಆಷಾಢ ಬಂತು. ನಮ್ಮ ಕಡೆ ಆಷಾಢವೆಂದರೆ ಮಳೆಗಿಂತ ಗಾಳಿ ಹೆಚ್ಚು. ಗಾಳಿಯ ಜೊತೆ ನಾಲ್ಕು ಹನಿ. ಅಷ್ಟಕ್ಕೇ ಗಂಡಸರೆಲ್ಲ ಹೆಗಲ ಮೇಲಿನ ಕಂಬಳಿ ಬಿಚ್ಚಿ, ಒಂದು ಮೂಲೆ ಮಡಚಿ ತಲೆಗೆ ಸಿಕ್ಕಿಸಿ, ಬೆನ್ನ ಮೇಲೆ ಇಳಿಬಿಟ್ಟುಕೊಳ್ಳುತ್ತಾರೆ. ಅದಕ್ಕೆ ಕೊಪ್ಪೆ ಎನ್ನುತ್ತೇವೆ. ಕೊಪ್ಪೆ ಹಾಕಿದವನ ಮುಖ ಕಾಣುವುದಿಲ್ಲ. ಕರಿ ಗುಡ್ಡ ಎದ್ದು ನಡೆದು ಬಂದಂತೆ ಕಾಣುತ್ತದೆ.

ಮೊದಲ ಹನಿ ಬಿದ್ದ ದಿನ ನನ್ನ ಗಂಡ ಕೊಪ್ಪೆ ಹಾಕಿಕೊಂಡು ಕುರಿ ಹೊಡೆದುಕೊಂಡು ಬಂದರು. ನಾಯಿ ಅನ್ನ ಹಾಕಿದ ಧಣಿಯನ್ನೇ ಕಂಡು ಗಂಟಲು ಹರಿಯುವಂತೆ ಬೊಗಳಿತು. ಕಂಬಳಿ ತೆಗೆದರೆ ಬಾಲ ಅಲ್ಲಾಡಿಸಿತು. ಹಾಕಿಕೊಂಡರೆ ಮತ್ತೆ ಬೊಗಳಿತು. ಇವರು ನಾಲ್ಕು ಸಲ ತೆಗೆದು ಹಾಕಿ ಆಟ ನೋಡಿದರು. ಮರುದಿನದಿಂದ ಅದು ಆಟವಾಗಿ ಉಳಿಯಲಿಲ್ಲ. ಅದುವರೆಗೆ ಹಾಸಿದ ಕಂಬಳಿಯ ಗೊಡವೆಗೆ ಹೋಗದಿದ್ದ ನಾಯಿ ಈಗ ಕಂಬಳಿ ಎಲ್ಲಿ ಕಂಡರೂ ಬೊಗಳತೊಡಗಿತು.

ಕುರಿಯವರ ಮನೆಯಲ್ಲಿ ಕಂಬಳಿ ಇಲ್ಲದ ಜಾಗ ಯಾವುದು? ಹೊದೆಯುವುದು ಅದೇ, ಹಾಸುವುದು ಅದೇ. ಮನೆಗೆ ಬಂದವರಿಗೆ ಕಂಬಳಿ ಹಾಸಿ ಕೂರಿಸದಿದ್ದರೆ ಮರ್ಯಾದೆ ಕೊಟ್ಟಂತಲ್ಲ. ಹಾಸಿದರೆ ನಾಯಿ ಕಂಬಳಿಗೂ ಬೊಗಳುತ್ತಿತ್ತು, ಅದರ ಮೇಲೆ ಕೂತವರಿಗೂ ಬೊಗಳುತ್ತಿತ್ತು. ಒಮ್ಮೆ ಕೆರೆ ಕೆಳಗಿನ ರೈತರೊಬ್ಬರು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಡಿ, ಗೊಬ್ಬರವಾಗಲಿ ಎಂದು ಕೇಳಲು ಬಂದರು. ಅವರದೂ ಕೊಪ್ಪೆ. ನಾಯಿ ಅವರನ್ನು ಬಾಗಿಲಿನಿಂದ ಆಚೆಗೇ ನಿಲ್ಲಿಸಿತು. ಗಲಾಟೆಗೆ ಕುರಿಗಳು ಬೆದರಿ, ಅವನ್ನು ಕೂಡುವ ರೊಪ್ಪದ ಜಾಲಿ ಮುಳ್ಳಿನ ಬೇಲಿ ಹಾರಿದವು. ಒಂದು ಕುರಿಯ ಕೆಚ್ಚಲು ಹರಿಯಿತು. ಆ ರೈತರು ಬೇರೆ ಕುರಿಯವರನ್ನು ಹುಡುಕಿಕೊಂಡರು.

ಆ ಸಂಜೆ ಅತ್ತೆ ಸೆರಗಿನ ಗಂಟು ಬಿಚ್ಚಿದರು.

"ಹುಲಿ ಅಂದಿದ್ಯಲ್ಲವ್ವಾ. ನೋಡು, ನಿಮ್ಮಪ್ಪನ ಮನೆ ಹುಲಿ ಕಂಬಳಿ ಕಂಡು ಉಚ್ಚೆ ಹೊಯ್ಕಂತೈತೆ."

ಮಾವ ನನ್ನ ಗಂಡನಿಗೆ ಹೇಳಿದರು, ನಾನು ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ. ಕುರಿ ಬೆದರಿಸುವ ನಾಯಿ ಕುರಿಯವರ ಮನೆಗೆ ಬೇಡ. ಅತ್ತೆಯ ತಮ್ಮನಿಗೆ ಹಿರಿಯೂರಿನ ಕಡೆ ತೆಂಗಿನ ತೋಟವಿತ್ತು. ಕಾಯಿ ಕಳ್ಳರ ಕಾಟ, ಬೊಗಳುವ ನಾಯಿ ಬೇಕು ಎನ್ನುತ್ತಿದ್ದ. ಅಮಾವಾಸ್ಯೆ ಕಳೆದು ಅಕ್ಕನನ್ನು ನೋಡಲು ಬರುವವನಿದ್ದ. ಅಷ್ಟರಲ್ಲಿ ಇದು ಸರಿಹೋಗದಿದ್ದರೆ ಹಗ್ಗ ಹಾಕಿ ಅವನ ಕೈಗೆ ಕೊಟ್ಟುಬಿಡುವುದು. ಅಮಾವಾಸ್ಯೆಗೆ ಇಪ್ಪತ್ತು ದಿನವಿತ್ತು.

ನನಗೆ ನಾಯಿಯ ಮೇಲೆ ಪ್ರಾಣ ಎಂದೇನೂ ತಿಳಿಯಬೇಡಿ. ನಾಯಿ ನಾಯಿಯೇ. ಆದರೆ ಅದು ಆ ಮನೆಯಿಂದ ಹೋದರೆ ನಾನು ಸಾಯುವವರೆಗೂ ತವರಿನ ಹುಲಿಯ ಕತೆ ಕೇಳಬೇಕಿತ್ತು. ಮುದ್ದೆ ಗಂಟಾದರೆ ಹುಲಿ, ಸಾರಿಗೆ ಉಪ್ಪು ಹೆಚ್ಚಾದರೆ ಹುಲಿ. ಅತ್ತೆಯ ಬಾಯಿ ನನಗೆ ಗೊತ್ತಿತ್ತು. ನನ್ನ ಬಾಯಿಯೂ ಹಾಗೇ ಇರುವುದರಿಂದ ಚೆನ್ನಾಗಿಯೇ ಗೊತ್ತಿತ್ತು.

ಮೊದಲು ಮನೆಯವರ ಔಷಧಗಳೆಲ್ಲ ಆದವು. ನನ್ನ ಗಂಡ ಎರಡು ಏಟು ಹಾಕು ಎಂದರು. ಹಾಕಿದೆ. ಅದು ನನ್ನ ಪಾದದ ಮೇಲೇ ಉಚ್ಚೆ ಹೊಯ್ದು, ಅಲ್ಲೇ ನಿಂತು, ನನ್ನ ಹಿಂದೆ ಬೇಲಿಯ ಮೇಲಿದ್ದ ಕಂಬಳಿಗೆ ಬೊಗಳಿತು. ಅತ್ತೆ ಯಾರದೋ ಕಣ್ಣು ಬಿದ್ದಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಕಣ್ಣು ಬಿದ್ದಿದ್ದರೆ ಅದು ಅತ್ತೆಯದೇ ಇರಬೇಕು ಎಂದುಕೊಂಡೆ, ಹೇಳಲಿಲ್ಲ. ಘಾಟಿಗೆ ನಾವೆಲ್ಲ ಕೆಮ್ಮಿದೆವು, ನಾಯಿ ಸೀನಿತು, ಅವತ್ತಿನಿಂದ ಒಲೆಗೂ ಹೆದರತೊಡಗಿತು. ಊರ ಹೊರಗಿನ ಗುಡಿಯ ಪೂಜಾರಿಯಿಂದ ತಾಯತ ತಂದು ಕೊರಳಿಗೆ ಕಟ್ಟಿದರು. ತಾಯತಕ್ಕೆ ಒಂದು ಸಣ್ಣ ಗೆಜ್ಜೆ ಇತ್ತು. ನಾಯಿ ಅಲ್ಲಾಡಿದರೆ ಗೆಜ್ಜೆ ಘಲ್ ಎನ್ನುತ್ತಿತ್ತು, ಗೆಜ್ಜೆ ಘಲ್ ಎಂದರೆ ನಾಯಿ ಹಾರಿ ಬೀಳುತ್ತಿತ್ತು. ಅರ್ಧ ದಿನ ತನ್ನ ಕೊರಳಿನಿಂದ ತಾನೇ ಓಡಿತು. ಸಂಜೆಗೆ ನಾನು ಗೆಜ್ಜೆ ಕಿತ್ತೆಸೆದೆ. ದೇವರಿಗೆ ತಾಯತ ಸಾಕು, ಗೆಜ್ಜೆ ಏಕೆ?

ಇಷ್ಟಾದ ಮೇಲೆ ನಾನು ಸುಮ್ಮನೆ ಕೂತು ನಾಯಿಯನ್ನು ನೋಡಿದೆ. ಬೊಗಳುವಾಗ ಅದರ ಬಾಯಿ ಮುಂದಕ್ಕೆ ಹೋಗುತ್ತಿತ್ತು, ಕಾಲು ಹಿಂದಕ್ಕೆ ಹೋಗುತ್ತಿದ್ದವು. ಬಾಲ ಹೊಟ್ಟೆಯ ಕೆಳಗಿತ್ತು. ಇದು ಸಿಟ್ಟಿಗೆ ಬೊಗಳುವುದಲ್ಲ. ಗಂಡನ ಮನೆಗೆ ಬಂದ ಮೊದಲ ವರ್ಷ ನಾನೂ ಹೀಗೇ ಬಾಯಿ ಮಾಡಿದ್ದೆ. ಎಲ್ಲರೂ ಗಟ್ಟಿಗಿತ್ತಿ ಎಂದುಕೊಂಡರು. ಒಳಗೆ ಏನಿತ್ತು ಎಂದು ನನಗೆ ಗೊತ್ತು.

ಇನ್ನೊಂದು ಕಂಡೆ. ಬಳೆಗಾರ ಬಂದರೆ ಬೊಗಳುವುದಿಲ್ಲ. ಮೇಷ್ಟ್ರು ಕೊಡೆ ಬಿಚ್ಚಿಕೊಂಡು ಹೋದರೆ ತಲೆ ಎತ್ತುವುದಿಲ್ಲ. ಗೋಣಿಚೀಲ ತಲೆಗೆ ಹಾಕಿಕೊಂಡ ಕೂಲಿಯವರು ಬಂದರೆ ಬಾಲ ಆಡಿಸುತ್ತದೆ. ಅದು ಸರಿ. ನನ್ನ ಅಪ್ಪ ಕುರಿ ಬಿಟ್ಟು ಬೇಸಾಯಕ್ಕೆ ನಿಂತವನು. ಅವನ ಮನೆಯಲ್ಲಿ ಮಳೆಗೆ ಗೋಣಿಚೀಲವೇ ಕೊಪ್ಪೆ. ಮರಿ ಹುಟ್ಟಿ ಕಣ್ಣು ಬಿಟ್ಟಾಗ ಕಂಡದ್ದು ಗೋಣಿಚೀಲ. ಹೊಸದೆಂದೇ ಹೆದರುವುದಾದರೆ ಮೇಷ್ಟ್ರ ಕೊಡೆಗೂ ಹೆದರಬೇಕಿತ್ತು. ಹಾಗಾದರೆ ಕಂಬಳಿ ಕೊಪ್ಪೆಯನ್ನು ಅದು ಮೊದಲು ಕಂಡದ್ದು ಎಲ್ಲಿ? ಬೇಸಗೆಯಲ್ಲಿ ಯಾರೂ ಕೊಪ್ಪೆ ಹಾಕುವುದಿಲ್ಲವಲ್ಲ.

ಇದನ್ನು ಯೋಚಿಸುತ್ತ ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದೆ. ಮಾವನ ಪಂಚೆ ಕೈಗೆ ಬಂತು. ಆಗ ನೆನಪಾಯಿತು. ಯುಗಾದಿಯ ಆಚೆ ಈಚೆ ಒಂದು ತಿಂಗಳು ಮಾವನ ಪಂಚೆಗೆ ಎರಡು ಮಂಡಿಯ ಜಾಗದಲ್ಲಿ ಮಾತ್ರ ಕುರಿ ಹಿಕ್ಕೆಯ ಕಲೆ ಇರುತ್ತಿತ್ತು. ಎಷ್ಟು ಉಜ್ಜಿದರೂ ಹೋಗದ ಕಲೆ. ವಯಸ್ಸಾಯಿತು, ಬೆಳಗ್ಗೆ ಎದ್ದು ದೇವರಿಗೆ ಅಡ್ಡಬೀಳುತ್ತಾರೇನೋ ಎಂದು ಅಂದುಕೊಂಡಿದ್ದೆ. ಆದರೆ ರೊಪ್ಪದಲ್ಲಿ ಯಾವ ದೇವರಿದೆ?

ಪಂಚೆ ಅಲ್ಲೇ ಬಿಟ್ಟು ಒಬ್ಬಳೇ ನಕ್ಕೆ. ಹಳೆಯ ಕುರಿಯವರು ಮರಿ ನಾಯಿಗೆ ತೋಳದ ಪಾಠ ಹೇಳುತ್ತಿದ್ದರು ಎಂದು ಕೇಳಿದ್ದೆ. ಕಂಬಳಿ ಮುಸುಕು ಹಾಕಿ, ನಾಲ್ಕು ಕಾಲಿನ ಮೇಲೆ ರೊಪ್ಪದ ಹಿಂದಿನಿಂದ ಬಂದು, ಗುರ್ ಎಂದು ಮರಿಯ ಮೇಲೆ ಹಾಯುವುದು. ಮರಿ ಬೊಗಳಿದರೆ ಮುಸುಕಿನಲ್ಲೇ ಓಡಿಹೋಗುವುದು. ಹೀಗೆ ಮಾಡಿದರೆ ದೊಡ್ಡದಾದ ಮೇಲೆ ನಿಜವಾದ ತೋಳಕ್ಕೆ ಬೊಗಳುತ್ತದೆ ಎಂದು ಲೆಕ್ಕ. ಅರವತ್ತು ದಾಟಿದ, ಪಂಚಾಯ್ತಿ ಕಟ್ಟೆಯಲ್ಲಿ ಕೂತು ನ್ಯಾಯ ಹೇಳುವ ನಮ್ಮ ಮಾವ, ಮನೆಯವರೆಲ್ಲ ಏಳುವ ಮೊದಲು, ಕುರಿ ಹಿಕ್ಕೆಯ ಮೇಲೆ ಅಂಬೆಗಾಲಿಟ್ಟು ತೋಳವಾಗಿದ್ದಾರೆ. ನಾಯಿ ಪಾಠವನ್ನು ಚೆನ್ನಾಗಿಯೇ ಕಲಿತಿದೆ. ಕಂಬಳಿ ಎಂದರೆ ತೋಳ. ಕಂಬಳಿ ಹೊದ್ದವರ ಊರೆಲ್ಲ ತೋಳಗಳ ಊರು.

ಆ ಕಾಲದಲ್ಲಿ ಸೊಸೆ ಮಾವನ ಎದುರು ನಿಂತು ಮಾತಾಡುವಂತಿರಲಿಲ್ಲ. ಹೇಳುವುದಿದ್ದರೆ ಬಾಗಿಲಿಗೋ, ಬಿಂದಿಗೆಗೋ, ದನಕ್ಕೋ ಹೇಳಬೇಕು. ಮಾವನೂ ಹಾಗೇ ಉತ್ತರ ಕೊಡಬೇಕು. ಅವತ್ತು ಮಧ್ಯಾಹ್ನ ಅತ್ತೆ ನೀರಿಗೆ ಹೋಗಿದ್ದರು. ಮಾವ ಜಗಲಿಯಲ್ಲಿ ಉಣ್ಣೆ ನೂಲುತ್ತಿದ್ದರು. ಪಕ್ಕದಲ್ಲಿ ಟಗರು ಕಟ್ಟಿತ್ತು. ನಾನು ಬಾಗಿಲ ಮರೆಯಲ್ಲಿ ಕೂತು ನಾಯಿಯನ್ನು ಹತ್ತಿರ ಕರೆದೆ.

"ಏನಲೇ," ಎಂದೆ ನಾಯಿಗೆ, "ಕಂಬಳಿ ಅಂದ್ರೆ ತೋಳ ಅಂತ ನಿನಗೆ ಹೇಳ್ಕೊಟ್ಟೋರು ಯಾರಲೇ? ಯುಗಾದಿ ಟೈಮ್ನಾಗೆ ಯಾರೋ ದಿನಾ ಬೆಳಗ್ಗೆ ಮಂಡಿ ಮ್ಯಾಲೆ ಓಡಾಡ್ತಿದ್ರಂತೆ. ಪಂಚೆ ಒಗೆದೋಳು ನಾನು, ನನಗೆ ಗೊತ್ತಾಗಲ್ವಾ?"

ನೂಲುವ ಕೈ ನಿಂತಿತು. ಮಾವ ಟಗರಿನ ಕಡೆ ತಿರುಗಿದರು.

"ನಮ್ಮಪ್ಪನೂ ಹಂಗೇ ಕಲಿಸ್ತಿದ್ದ," ಎಂದರು ಟಗರಿಗೆ. "ಅವರಪ್ಪನೂ ಹಂಗೇ. ಯಾವ ನಾಯೀನೂ ಹಿಂಗೆ ಕೆಟ್ಟಿರ್ಲಿಲ್ಲ."

"ಆ ನಾಯಿಗಳು ಕಂಬಳಿ ಮ್ಯಾಲೇ ಹುಟ್ಟಿದ್ವು ಕಣಲೇ," ಎಂದೆ ನಾಯಿಗೆ. "ನೀನು ಗೋಣಿಚೀಲದ ಮನ್ಯಾಗೆ ಹುಟ್ಟಿದೋನು. ನಿನಗೇನು ಗೊತ್ತಾಗ್ಬೇಕು, ಒಳಗಿರೋದು ತೋಳನೋ ಮಾವನೋ ಅಂತ."

ಮಾವ ಕೆಮ್ಮಿದರು. ಆಮೇಲೆ ದನಿ ತಗ್ಗಿಸಿ ಟಗರಿನ ಕಿವಿಗೆ ಹೇಳಿದರು.

"ಒಳಗಿನೋರಿಗೆ ಗೊತ್ತಾಗೋದು ಬ್ಯಾಡ."

ಒಳಗಿನವರೆಂದರೆ ಅತ್ತೆ. ಪಂಚಾಯ್ತಿಯಲ್ಲಿ ಯಾರಿಗೂ ಹೆದರದ ಮನುಷ್ಯ ಅತ್ತೆಯ ನಗುವಿಗೆ ಹೆದರುತ್ತಿದ್ದರು. ಗೊತ್ತಾಗುವುದಿಲ್ಲ, ಆದರೆ ನೀನು ಹಿರಿಯೂರಿಗೆ ಹೋಗಬಾರದು ಎಂದರೆ ಮಾವನೂ ನಾನು ಹೇಳಿದಂತೆ ಕೇಳಬೇಕು ಎಂದು ನಾಯಿಗೆ ತಿಳಿಸಿದೆ. ಮಾವ ಮತ್ತೆ ನೂಲತೊಡಗಿದರು. ಅದೇ ಒಪ್ಪಿಗೆ.

ಅವತ್ತಿನಿಂದ ಶುರು ಮಾಡಿದೆ. ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೆದರಿದ ಕುರಿಯನ್ನು ಹೊಸ ರೊಪ್ಪಕ್ಕೆ ಹೊಂದಿಸುವ ರೀತಿ ಗೊತ್ತಿತ್ತು. ಎಳೆಯಬಾರದು, ಒಳಗೆ ಸೊಪ್ಪು ಕಟ್ಟಿ ಸುಮ್ಮನಿರಬೇಕು. ಅದನ್ನೇ ಮಾಡಿದೆ. ಹರಿದ ಕಂಬಳಿಯ ಒಂದು ತುಂಡನ್ನು ಹಿತ್ತಲ ಮೂಲೆಯಲ್ಲಿ ಹಾಸಿದೆ. ನಾಯಿ ಬೊಗಳದೆ ಎಷ್ಟು ದೂರ ನಿಲ್ಲುತ್ತದೋ ಅಲ್ಲಿ ಮುದ್ದೆ ಇಟ್ಟೆ. ಅದು ಕಂಬಳಿಯನ್ನು ನೋಡುತ್ತ ತಿಂದಿತು. ಮರುದಿನ ಒಂದು ಮೊಳ ಹತ್ತಿರ. ಅದರ ಮರುದಿನ ಇನ್ನೊಂದು ಮೊಳ. ಬೊಗಳಿದರೆ ಬೈಯುವುದಿಲ್ಲ, ಮುದ್ದು ಮಾಡುವುದೂ ಇಲ್ಲ. ಮುದ್ದೆಯನ್ನು ಒಂದು ಮೊಳ ಹಿಂದಕ್ಕೆ ತರುತ್ತಿದ್ದೆ, ಅಷ್ಟೆ. ಒಂದು ದಿನ ಆತುರ ಬಿದ್ದು ಎರಡು ಮೊಳ ಮುಂದೆ ಇಟ್ಟೆ. ಅವತ್ತು ಮುದ್ದೆ ಕಾಗೆಗಳ ಪಾಲಾಯಿತು, ಮೂರು ದಿನದ ಕೆಲಸ ಮಣ್ಣಾಯಿತು. ಬೈದುಕೊಂಡೆ, ನಾಯಿಯನ್ನಲ್ಲ.

ಎಂಟನೇ ದಿನಕ್ಕೆ ಅದು ಕಂಬಳಿ ತುಂಡಿನ ಮೇಲೆ ಕೂತು ಮುದ್ದೆ ತಿಂದಿತು. ಒಂಬತ್ತಕ್ಕೆ ಅದರ ಮೇಲೇ ಮಲಗಿತು. ಆಮೇಲೆ ಕಂಬಳಿಯನ್ನು ನನ್ನ ಹೆಗಲ ಮೇಲೆ ಹಾಕಿಕೊಂಡು ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದೆ. ತಿರುಗಿ ನೋಡುತ್ತಿರಲಿಲ್ಲ. ತಾನಾಗಿ ಬಂದು ಮೂಸಲಿ. ಬಂತು. ಆಮೇಲೆ ಕೊಪ್ಪೆ. ಹೆಂಗಸು ಕೊಪ್ಪೆ ಹಾಕಿ ಹಿತ್ತಲಲ್ಲಿ ಕೂತಿದ್ದನ್ನು ಕಂಡು ಅತ್ತೆ, ಇದೇನು ಹೊಸ ವೇಷ ಎಂದರು. ಚಳಿ ಎಂದೆ. ನಾಯಿಗೂ ನಿನಗೂ ಒಂದೇ ರೋಗ ಎಂದು ಒಳಗೆ ಹೋದರು.

ಉಳಿದದ್ದು ಮಾವ. ಎಷ್ಟಾದರೂ ನಾಯಿ ಮೊದಲು ಕಂಡ ತೋಳ ಅವರೇ. ಅವರೇ ಅದೇ ವೇಷದಲ್ಲಿ ಬಂದು ಮುದ್ದೆ ಕೊಡಬೇಕು ಎಂದು ನಾಯಿಗೆ ಹೇಳಿದೆ. ಮಾವ ಟಗರಿಗೆ, ನಿಂತುಕೊಂಡು ಕೊಟ್ಟರೆ ಆಗದೇ ಎಂದು ಕೇಳಿದರು. ಆಗುವುದಿಲ್ಲ ಎಂದೆ. ತೋಳ ನಿಂತುಕೊಂಡು ಬಂದಿತ್ತೇ? ನಿಜ ಹೇಳಬೇಕೆಂದರೆ ನಿಂತು ಕೊಟ್ಟರೂ ನಡೆಯುತ್ತಿತ್ತೋ ಏನೋ. ನನಗೂ ನೋಡುವ ಆಸೆ ಇತ್ತು.

ಅವರು ಕೊಪ್ಪೆ ಹಾಕಿ ರೊಪ್ಪದ ಹಿಂದೆ ಮಂಡಿ ಊರಿದರು. ಮೊದಲ ಸಲ ನಾಯಿ ನಡುಗಿತು, ಎರಡು ಸಲ ಬೊಗಳಿತು, ನನ್ನ ಕಾಲಿನ ಹಿಂದೆ ಸೇರಿತು. ಮಾವ ದೂರದಲ್ಲೇ ನಿಂತು, ಅಂದರೆ ನಾಲ್ಕು ಕಾಲಲ್ಲೇ ನಿಂತು, ಮುದ್ದೆಯನ್ನು ನೆಲದ ಮೇಲೆ ಉರುಳಿಸಿದರು. ದಿನಕ್ಕೆ ಒಂದು ಸಲ, ಅತ್ತೆ ನೀರಿಗೆ ಹೋದ ಹೊತ್ತಿನಲ್ಲಿ. ನಾಲ್ಕನೇ ದಿನ ಅಂಗೈಯಿಂದ ತಿಂದಿತು. ಮಾವನ ಮುಖ ಕೊಪ್ಪೆಯೊಳಗಿತ್ತು, ಏನಿತ್ತೋ ಕಾಣಲಿಲ್ಲ. ಆದರೆ ಐದನೇ ದಿನ ನಾನು ಕರೆಯುವ ಮೊದಲೇ ಅವರು ರೊಪ್ಪದ ಹಿಂದೆ ಮಂಡಿ ಊರಿ ಕಾಯುತ್ತಿದ್ದರು.

ಅವತ್ತು ಅಮಾವಾಸ್ಯೆಗೆ ಇನ್ನೂ ಒಂದು ದಿನವಿತ್ತು. ಸಣ್ಣ ಹನಿ. ಅತ್ತೆ ನೀರಿಗೆ ಹೋಗಿದ್ದರು. ಅವರ ತಮ್ಮ ಹೇಳಿದ್ದಕ್ಕಿಂತ ಮೊದಲೇ ಬಸ್ಸಿಳಿದು ಬಂದವನು ಬಾವಿಯ ಹತ್ತಿರ ಅಕ್ಕನಿಗೆ ಸಿಕ್ಕಿದ್ದಾನೆ. ಇಬ್ಬರೂ ಸುತ್ತು ಬಳಸದೆ ರೊಪ್ಪದ ಹಿಂದಿನ ದಾರಿಯಲ್ಲೇ ಬಂದರು. ಅವನ ಹೆಗಲಲ್ಲಿ ನಾಯಿಗೆ ಹಾಕಲು ತಂದ ಹೊಸ ಹಗ್ಗ. ತಲೆಗೆ ಕಂಬಳಿ ಕೊಪ್ಪೆ.

ಬೇಲಿಯ ತಿರುವಿನಲ್ಲಿ ಅತ್ತೆ ನಿಂತರು. ಎದುರಿಗೆ ನಾಲ್ಕು ಕಾಲಿನ ಕಂಬಳಿ, ಅದರ ಕೈಯಲ್ಲಿ ಮುದ್ದೆ, ಮುದ್ದೆಗೆ ನಾಯಿ, ಪಕ್ಕದಲ್ಲಿ ನಾನು. ಮಾವ ತಲೆ ಎತ್ತಿದರು. ಕೊಪ್ಪೆ ಹಿಂದಕ್ಕೆ ಜಾರಿತು.

"ಏನ್ರೀ ಇದು," ಎಂದರು ಅತ್ತೆ. "ಯಾವಾಗ ಕೊಂಡ್ಕೊಂಡು ಬಂದ್ರಿ ಈ ಟಗರು?"

ಬಿಂದಿಗೆ ಇಳಿಸಿ ನೆಲದಲ್ಲೇ ಕೂತುಬಿಟ್ಟರು. ನಗು ತಡೆಯಲಾಗದೆ ಸೆರಗು ಬಾಯಿಗೆ ತುರುಕಿಕೊಂಡರು. ಮಾವ ಏಳಲು ನೋಡಿದರು, ಮಂಡಿ ಹಿಡಿದಿತ್ತು. ನನ್ನ ಕಣ್ಣು ಮಾತ್ರ ನಾಯಿಯ ಮೇಲಿತ್ತು. ಅತ್ತೆಯ ತಮ್ಮ ಅದರ ಎದುರು ನಿಂತಿದ್ದ. ಹೊಸ ಮನುಷ್ಯ, ಹೊಸ ಕಂಬಳಿ, ಕೊಪ್ಪೆಯೊಳಗೆ ಕಾಣದ ಮುಖ. ನಾಯಿಯ ಕಿವಿ ನೆಟ್ಟಗಾಯಿತು. ಗಂಟಲಲ್ಲಿ ಗುರ್ ಎಂದಿತು. ಈಗ ಬೊಗಳಿದರೆ ಹಗ್ಗ ಬೀಳುತ್ತಿತ್ತು. ನಾನು ಕರೆಯಲಿಲ್ಲ, ಮುಟ್ಟಲಿಲ್ಲ.

ಅದು ಮೂತಿ ಚಾಚಿ ಅವನ ಕಂಬಳಿ ಮೂಸಿತು. ಸುತ್ತ ಒಂದು ಸಲ ತಿರುಗಿತು. ಆಮೇಲೆ ಅವನ ಅಂಗೈ ನೆಕ್ಕಿತು, ಮುದ್ದೆ ಇದೆಯೇ ಎಂದು. ಇಲ್ಲದ್ದು ಕಂಡು ಅವನ ಕಾಲ ಬುಡದಲ್ಲಿ ಕೂತು, ಇವತ್ತಲ್ಲದಿದ್ದರೆ ನಾಳೆ ಕೊಡು ಎನ್ನುವಂತೆ ಬಾಲ ಬಡಿಯಿತು.

ಅವನು ಅದನ್ನು ನೋಡಿದ, ಹಗ್ಗ ನೋಡಿದ.

"ಅಕ್ಕ, ಇದು ಕಳ್ಳನಿಗೆ ಕಾಯಿ ಕಿತ್ತು ಕೊಟ್ಟು ದಾರಿ ತೋರ್ಸೋ ನಾಯಿ. ನನಗ್ಯಾಕೆ?"

ಹಗ್ಗ ಅವನ ಹೆಗಲ ಮೇಲೇ ಹಿರಿಯೂರಿಗೆ ವಾಪಸ್ಸು ಹೋಯಿತು. ಅತ್ತೆ ಆಮೇಲೆ ನನ್ನ ತವರಿನ ಹುಲಿಯ ಮಾತು ಎತ್ತಲಿಲ್ಲ. ನನ್ನ ಮೇಲಿನ ಕರುಣೆಯಿಂದಲ್ಲ. ಅವರಿಗೆ ಅದಕ್ಕಿಂತ ಒಳ್ಳೆಯದು ಸಿಕ್ಕಿತ್ತು. ಮಾವ ಏನಾದರೂ ಜೋರು ಮಾಡಿದರೆ, ಟಗರಿಗೆ ಸೊಪ್ಪು ಹಾಕೇ ಎಂದು ನನ್ನನ್ನು ಕೂಗುತ್ತಿದ್ದರು. ಮಾವ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋಗುತ್ತಿದ್ದರು.

ಇನ್ನು ನಿಜವಾದ ತೋಳದ ವಿಚಾರ. ಬಂತು, ದೀಪಾವಳಿ ಕಳೆದ ಮೇಲೆ. ಸಂಜೆ ಕುರಿ ರೊಪ್ಪಕ್ಕೆ ಕೂಡುವ ಹೊತ್ತು, ಮಾವ ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಿದ್ದರು. ರೊಪ್ಪದ ಆಚೆಯ ಬಂಡೆಯ ಹತ್ತಿರ ತೋಳ ಕಂಡಿತು. ನಾಯಿ ಬೊಗಳಿತು. ಬಾಯಿ ಮುಂದಕ್ಕೆ, ಕಾಲು ಹಿಂದಕ್ಕೆ. ಹಿಂದೆ ಹಿಂದೆ ಬಂದು ಮಾವನ ಕಾಲುಗಳ ಸಂದಿಗೆ ಸೇರಿ, ಕಂಬಳಿಯೊಳಗೆ ಹೊಕ್ಕು, ಅಲ್ಲಿಂದ ಬೊಗಳಿತು. ಒಳಗೆ ಭದ್ರವಾಗಿದ್ದರಿಂದ ಬಹಳ ಜೋರಾಗಿ ಬೊಗಳಿತು. ಮುದುಕನೇ ಬೊಗಳುತ್ತಿದ್ದಾನೆ ಎಂದು ತೋಳಕ್ಕೆ ಅನ್ನಿಸಿರಬೇಕು. ಅದು ಸ್ವಲ್ಪ ಹೊತ್ತು ನೋಡಿ, ಇಂಥದು ತನಗೆ ಬೇಡ ಎಂದು ಬಂಡೆಯ ಹಿಂದೆ ಹೋಯಿತು. ಒಂದು ಕುರಿಯೂ ಹೋಗಲಿಲ್ಲ.

ಮರುದಿನ ನಾನು ಬಾಗಿಲ ಮರೆಯಲ್ಲಿ ರಾಗಿ ಹಸನು ಮಾಡುತ್ತಿದ್ದೆ. ಮಾವ ಜಗಲಿಯಲ್ಲಿ ಕೂತು ಉಣ್ಣೆ ನೂಲುತ್ತಿದ್ದರು.

"ನಮ್ಮ ಸೊಸೆ ತವರಿನ ನಾಯಿ," ಎಂದರು. "ಪರವಾಗಿಲ್ಲ."

ನನಗೆ ಹೇಳಲಿಲ್ಲ. ಟಗರಿಗೆ ಹೇಳಿದರು. ಟಗರು ಮೆಲುಕು ಹಾಕುತ್ತಿತ್ತು.